ಎಡಭುಜದ ಸೇವಂತಿಗೆ

ದೇವಿಯನ್ನು ಒಂದು ಮಾತು ಕೇಳದೆ ದಾನಪತ್ರಕ್ಕೆ ರುಜು ಹಾಕುವುದಿಲ್ಲ ಎಂದು ಡ್ಯಾನ್‌ವಿಲ್ಲಿನ ಮುದುಕಿ ಹಟ ಹಿಡಿದಾಗ ಮ್ಯೂಸಿಯಮ್ಮಿನ ಡೈರೆಕ್ಟರಿಗೆ ನಗು ಬಂತು. ವಸುಧಾಳಿಗೆ ಮಾತ್ರ ನಗು ಬರಲಿಲ್ಲ. ಏಕೆಂದರೆ ಆ ಹುಚ್ಚನ್ನು ಮುದುಕಿಯ ತಲೆಗೆ ತುಂಬಿದವಳು ಅವಳೇ.

ದೇವಿ ಎಂದರೆ ಮೂರಡಿ ಎತ್ತರದ ಸುಟ್ಟ ಮಣ್ಣಿನ ಮೂರ್ತಿ. ಎರಡೂವರೆ ಸಾವಿರ ವರ್ಷದ ಹಿಂದೆ, ರೋಮ್ ಇನ್ನೂ ಅಕ್ಕಪಕ್ಕದ ಊರುಗಳ ಜೊತೆ ಗುದ್ದಾಡುತ್ತಿದ್ದ ಕಾಲದಲ್ಲಿ, ಅದರ ನೆರೆಯ ಎಟ್ರಸ್ಕನ್ ಜನ ಮಾಡಿದ್ದು. ಮುದುಕಿಯ ಗಂಡ ಅದನ್ನು ಇಟಲಿಯಿಂದ ತಂದು, ಮೂವತ್ತು ವರ್ಷ ಹಜಾರದಲ್ಲಿ ಕೂರಿಸಿಕೊಂಡು, ಹೋದ ವರ್ಷ ಕಣ್ಣು ಮುಚ್ಚಿದ್ದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊಸದಾಗಿ ತೆರೆಯಲಿದ್ದ ಮ್ಯೂಸಿಯಮ್ಮು ಈಗ ಅದಕ್ಕೆ ಬಾಯಿ ಬಿಡುತ್ತಿತ್ತು. ದೇವಿ ಬಂದರೆ ವಸುಧಾ ಅದರ ಕೋಣೆಯನ್ನು ನೋಡಿಕೊಳ್ಳುವ ಕ್ಯುರೇಟರು. ಬಾರದಿದ್ದರೆ ಎಟ್ರಸ್ಕನ್ ಕೋಣೆಯೂ ಇಲ್ಲ, ಕೆಲಸವೂ ಇಲ್ಲ. ಡೈರೆಕ್ಟರು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಮೈಸೂರಿನಿಂದ ಬಂದು ಹನ್ನೊಂದು ವರ್ಷ ಓದಿ, ಮಗುವನ್ನು ಡೇಕೇರಿಗೆ ಬಿಟ್ಟು ಇವತ್ತು ಇದ್ದು ನಾಳೆ ಇಲ್ಲದ ಕೆಲಸಗಳಲ್ಲಿ ಸವೆದ ಹೆಂಗಸಿಗೆ ಅದಕ್ಕಿಂತ ಬಿಡಿಸಿ ಹೇಳುವುದು ಬೇಕಿರಲಿಲ್ಲ.

ಹಿಂದಿನ ತಿಂಗಳು ಮುದುಕಿಯ ಜೊತೆ ಕಾಫಿ ಕುಡಿಯುತ್ತ ಅವಳು ವೇಯಿಯ ಕತೆ ಹೇಳಿದ್ದಳು. ವೇಯಿ ಎಟ್ರಸ್ಕನ್ನರ ಸಿರಿವಂತ ಊರು. ರೋಮನ್ನರು ಹತ್ತು ವರ್ಷ ಮುತ್ತಿಗೆ ಹಾಕಿದರೂ ಜಗ್ಗಲಿಲ್ಲವಂತೆ. ಕೊನೆಗೆ ನೆಲದಡಿ ಸುರಂಗ ಕೊರೆದು ನೇರವಾಗಿ ಆ ಊರ ದೇವಿಯ ಗುಡಿಯೊಳಗೇ ಎದ್ದರು. ಬಲಿ ಕೊಟ್ಟ ಕುರಿಯ ಪಿತ್ತಜನಕಾಂಗ ನೋಡಿ, ಸಿಡಿಲು ಬಿದ್ದ ದಿಕ್ಕು ನೋಡಿ ನಾಳೆಯನ್ನು ಹೇಳುತ್ತಿದ್ದ ಜಾಣರು ತಮ್ಮ ಕಾಲಡಿಯ ಗುದ್ದಲಿ ಸದ್ದನ್ನು ಕೇಳಿಸಿಕೊಳ್ಳಲಿಲ್ಲ. ಊರು ಸೂರೆಹೋದ ಮೇಲೆ ರೋಮಿನ ತರುಣರು ಮಿಂದು ಮಡಿಯುಟ್ಟು ದೇವಿಯ ಮುಂದೆ ನಿಂತರು. ಒಬ್ಬ ಅರ್ಧ ತಮಾಷೆಗೆ, ‘ರೋಮಿಗೆ ಬರ್ತೀಯಾ ತಾಯಿ?’ ಎಂದ. ಉಳಿದವರು ‘ತಲೆಯಾಡಿಸಿದಳು! ತಲೆಯಾಡಿಸಿದಳು!’ ಎಂದು ಕೂಗಿದರು. ಹೊತ್ತುಕೊಂಡು ಹೋದರು.

ತಲೆಯಾಡಿಸಿದ್ದನ್ನು ಕಂಡವರು ಯಾರು? ಗೆದ್ದವರು. ವಸುಧಾಳ ಥೀಸಿಸ್ಸಿನ ನಾನೂರು ಪುಟದ ತಿರುಳು ಇಷ್ಟೇ. ಅದಾದ ಆರೇಳು ವರ್ಷಕ್ಕೆ ಉತ್ತರದಿಂದ ಗಾಲ್ ಜನ ಬಂದು ರೋಮನ್ನು ಸುಟ್ಟರು ಎಂಬುದನ್ನೂ ಅವಳು ಬರೆದಿದ್ದಳು. ಡೈರೆಕ್ಟರು ಕತೆ ಹೇಳುವಾಗ ಆ ಭಾಗವನ್ನು ನುಂಗಿಬಿಡುತ್ತಿದ್ದರು.

ಮಾತಿನ ಭರದಲ್ಲಿ ಅವಳು ಒಂದು ಮಾತು ಹೆಚ್ಚಿಗೆ ಆಡಿದ್ದಳು. ‘ನಮ್ಮಲ್ಲಿ ಹೀಗೆ ಬಾಯಲ್ಲಿ ಕೇಳಿ ಮುಗಿಸೋದಿಲ್ಲ. ನಮ್ಮ ತಾತ ದೇವಿಗುಡಿಯ ಅರ್ಚಕರು. ಎರಡು ಭುಜಕ್ಕೂ ಒದ್ದೆ ಹೂ ಅಂಟಿಸಿ ಪ್ರಸಾದ ಕೇಳ್ತಿದ್ದರು. ಬಲಗಡೆಯದು ಮೊದಲು ಬಿದ್ದರೆ ದೇವಿ ಒಪ್ಪಿದಳು ಅಂತ. ಎಡಗಡೆ ಬಿದ್ದರೆ ಆ ಕೆಲಸ ಕೈಬಿಡಬೇಕು.’ ಯಾರ ಬಲ ಎಂದು ಅವಳು ಹೇಳಲಿಲ್ಲ. ಅವಳ ತಾತನ ನಂಜನಗೂಡಿನ ಕಡೆಯ ಮಕ್ಕಳಿಗೂ ಗೊತ್ತಿರುವ ಸಂಗತಿ ಅದು: ಬಲ ಅಂದರೆ ದೇವಿಯ ಬಲ. ಎದುರು ನಿಂತವರದಲ್ಲ.

ದೇವಿಯನ್ನು ಕೇಳುವುದೆಂದು ಗೊತ್ತುಮಾಡಿದ ಭಾನುವಾರ ಅಕ್ಟೋಬರಿಗೆ ಒಗ್ಗದ ಸೆಕೆ. ಅಂಗಳದ ಓಕ್ ಮರದಲ್ಲಿ ಒಂದೆಲೆ ಅಲ್ಲಾಡುತ್ತಿರಲಿಲ್ಲ. ಇಂಥ ಗಾಳಿಯಿಲ್ಲದ ದಿನ ನನಗೆ ಸೇರುವುದಿಲ್ಲ ಎಂದು ಮುದುಕಿ ಎರಡು ಸಲ ಅಂದಳು. ಹಜಾರದಲ್ಲಿ ಡೈರೆಕ್ಟರು, ನಾಲ್ಕಾರು ದಾನಿಗಳು, ಹಿಂದೆ ಗೋಡೆಗೊರಗಿ ಸೋಮಲಿಂಗಪ್ಪ. ನರಗುಂದದ ಬಡಗಿ ಅವನು. ಇಂಜಿನಿಯರ್ ತಮ್ಮ ಕರೆಸಿಕೊಂಡಿದ್ದರಿಂದ ಈ ದೇಶಕ್ಕೆ ಬಂದು, ಮ್ಯೂಸಿಯಮ್ಮಿನ ವಸ್ತುಗಳಿಗೆ ಮರದ ಪೆಟ್ಟಿಗೆ ಮಾಡುತ್ತಿದ್ದ. ಮೂರ್ತಿಯ ಅಳತೆ ತೆಗೆದು ಮುಗಿಸಿ ಟೇಪು ಸುತ್ತುತ್ತಿದ್ದವನು, ವಸುಧಾ ಸೇವಂತಿಗೆಯನ್ನು ನೀರಿಗೆ ಅದ್ದಿದ್ದು ಕಂಡೊಡನೆ ಚಪ್ಪಲಿ ಕಳಚಿ ಕೈಮುಗಿದು ನಿಂತ.

ಅವಳು ಎರಡೂ ಭುಜಕ್ಕೆ ಒಂದೊಂದು ಹೂ ಅಂಟಿಸಿದಳು. ನಾಟಕವೆಂದುಕೊಂಡೇ ಶುರುಮಾಡಿದ್ದು. ಆದರೆ ತುಟಿಯೊಳಗೆ ‘ಬರ್ತೀಯಾ ತಾಯಿ?’ ಅಂದಾಗ ಅವಳ ಕೈಗಳು ತಾವಾಗಿಯೇ ಜೋಡಿಸಿಕೊಂಡವು. ಐದು ನಿಮಿಷವಾಯಿತು. ಯಾರೋ ಕೆಮ್ಮಿದರು. ಆಮೇಲೆ ಯಾವ ಗಾಳಿಯೂ ಇಲ್ಲದೆ, ದೇವಿಯ ಎಡಭುಜದ ಹೂ ಕಳಚಿ ನೆಲಕ್ಕೆ ಬಿತ್ತು.

ಎದುರು ನಿಂತವರಿಗೆ ಅದು ಬಲಗಡೆ.

‘ಬಲಗಡೆ! ಬಲಗಡೆ ತಾನೇ?’ ಎಂದು ಮುದುಕಿ ಮಗುವಿನಂತೆ ಚಪ್ಪಾಳೆ ತಟ್ಟಿದಳು. ಎಲ್ಲರೂ ವಸುಧಾಳ ಕಡೆ ತಿರುಗಿದರು. ಡೈರೆಕ್ಟರು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು.

ವಸುಧಾ ತಲೆಯಾಡಿಸಿದಳು.

ಅಷ್ಟೇ. ಒಂದಕ್ಷರ ಸುಳ್ಳಾಡಲಿಲ್ಲ ಎಂದು ಅವಳು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಓದಿದವರು ಹೀಗೆ ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುವುದರಲ್ಲಿ ಬಲು ಗಟ್ಟಿಗರು.

ಕಾರಿನ ಹತ್ತಿರ ಸೋಮಲಿಂಗಪ್ಪ ಕಾದು ನಿಂತಿದ್ದ.

‘ಅಕ್ಕಾರ, ಒಂದ್ ಮಾತು ಕೇಳ್ಲೇನ್ರಿ? ಹೂವ ದೇವಿ ಎಡಕ್ಕ ಬಿತ್ತಲ್ರಿ. ನಮ್ಮ ಕಡೆ ದೇವಿ ಬಲಾನ ಹಿಡೀತಾರ್ರಿ, ನೋಡಾವ್ರದಲ್ಲ.’

ನಿಜ ಹೇಳಲು ಇದಕ್ಕಿಂತ ಸುಲಭದ ಗಳಿಗೆ ಅವಳಿಗೆ ಸಿಗುವಂತಿರಲಿಲ್ಲ. ಒಳಗೆ ರುಜುವಿನ ಶಾಯಿ ಇನ್ನೂ ಆರಿರಲಿಲ್ಲ.

‘ನಮ್ಮ ಮೈಸೂರು ಕಡೆ ನೋಡೋರ ಬಲಾನೇ ಸೋಮಲಿಂಗಪ್ಪನೋರೆ,’ ಎಂದಳು. ‘ಒಂದೊಂದು ಕಡೆ ಒಂದೊಂದು ಪದ್ಧತಿ.’

ಅವನ ಮುಖ ತಿಳಿಯಾಯಿತು. ‘ಹೌದೇನ್ರಿ? ಇರಬೇಕ್ರಿ ಹಂಗಾದ್ರ. ನಿಮ್ಮ ಅಜ್ಜಾರು ಪೂಜಾ ಮಾಡಿದವ್ರು, ನಿಮಗ ಗೊತ್ತಿರತೈತಿ,’ ಎಂದು ಟೂಲ್‌ಬಾಕ್ಸು ಎತ್ತಿಕೊಂಡು ಹೋದ. ಅವನು ನಂಬದೆ ಒಂದೆರಡು ಮಾತು ವಾದ ಮಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಮಂಗಳವಾರ, ಹದಿನೇಳನೆಯ ತಾರೀಖು, ದೇವಿಯ ಪ್ರಯಾಣ. ಮ್ಯೂಸಿಯಮ್ಮಿನ ಕಟ್ಟುನಿಟ್ಟಿನ ರೂಲು: ವಸ್ತು ಹೊರಟಿತೆಂದರೆ ಕ್ಯುರೇಟರು ಟ್ರಕ್ಕಿನಲ್ಲಿ ಅದರ ಜೊತೆಗೇ ಕೂರಬೇಕು. ವಸುಧಾ ಮೂರು ಗಂಟೆಯವರೆಗೂ ಕೂರುತ್ತೇನೆಂದೇ ಇದ್ದಳು. ಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಬೀಳುವ ಮೊದಲು ಮೂರ್ತಿಯ ಮುಖ ಕಂಡಳು. ಎಟ್ರಸ್ಕನ್ ಮೂರ್ತಿಗಳೆಲ್ಲ ತುಟಿಯಂಚಿನಲ್ಲಿ ನಗುತ್ತವೆ. ಆ ನಗುವಿನ ಮೇಲೆ ಅವಳೇ ಒಂದು ಅಧ್ಯಾಯ ಬರೆದಿದ್ದಳು. ಇವತ್ತು ಅದನ್ನು ನೋಡಲಾರದೆ ಕಣ್ಣು ತಪ್ಪಿಸಿದಳು. ಅದರ ಪಕ್ಕದಲ್ಲಿ ಎರಡು ಗಂಟೆ ಕೂರುವುದು ತನ್ನಿಂದಾಗದು ಅನ್ನಿಸಿತು.

‘ಮಗಳನ್ನ ಡೇಕೇರಿಂದ ಬೇಗ ಕರ್ಕೊಂಡು ಬರಬೇಕಿತ್ತು...’ ಎಂದು ರಾಗ ಎಳೆದಳು.

‘ಹೋಗ್ರಿ ಅಕ್ಕಾರ, ನಾ ಕೂಡ್ತೀನಿ ದೇವಿ ಜೋಡಿ,’ ಎಂದ ಸೋಮಲಿಂಗಪ್ಪ. ‘ಹೇವರ್ಡ್ ಗೋಡೌನಿನ್ಯಾಗ ಇನ್ನ ಎರಡು ಪೆಟಿಗಿ ಹೇರೋದೈತಿ. ಅಲ್ಲಿಂದ ಓಕ್ಲ್ಯಾಂಡ್ ಮ್ಯಾಲೆ ಹಾದು ಹೋಗ್ತೀವಿ. ಹೆಂಗೂ ಆಕೀನ ಒಪ್ಪ್ಯಾಳಲ್ರಿ, ಏನ್ ಆಗತೈತಿ?’

ವಸುಧಾ ಬಾಯಿ ತೆರೆದಳು. ಇಳೀರಿ, ಅವಳು ಒಪ್ಪಿಲ್ಲ ಎಂಬ ಎರಡು ಮಾತು ನಾಲಿಗೆಯ ಮೇಲಿದ್ದವು. ಡೈರೆಕ್ಟರು ಗಡಿಯಾರ ನೋಡುತ್ತಿದ್ದರು. ಡ್ರೈವರು ಇಂಜಿನ್ನು ಚಾಲೂ ಮಾಡಿದ. ಟ್ರಕ್ಕು ಗೇಟು ದಾಟಿತು. ಹೂವೊಂದು ಬಿದ್ದ ಮಾತ್ರಕ್ಕೆ ಲೋಕ ಮುಳುಗುತ್ತದೆಯೇ ಎಂದುಕೊಂಡು ಅವಳು ತನ್ನ ಕಾರು ಹತ್ತಿದಳು.

ಐದು ಗಂಟೆ ನಾಲ್ಕು ನಿಮಿಷಕ್ಕೆ ಸ್ಯಾನ್ ರಮೋನಿನ ತನ್ನ ಅಪಾರ್ಟ್‌ಮೆಂಟಿನಲ್ಲಿ ಮಗಳಿಗೆ ಹಾಲು ಕಾಯಿಸುತ್ತಿದ್ದಾಗ ನೆಲ ಗುರುಗುಟ್ಟಿತು. ಕಪಾಟಿನ ಬಾಗಿಲುಗಳು ಪಟಪಟ ಬಡಿದವು, ತಟ್ಟೆಗಳು ಜಾರಿ ಚೂರಾದವು, ಹಾಲು ಒಲೆಯ ಮೇಲೆಲ್ಲ ಚೆಲ್ಲಿತು. ಒಲೆ ಆರಿಸಿ, ಮಗಳನ್ನು ಎಳೆದುಕೊಂಡು ಮೇಜಿನಡಿ ತೂರಿದಳು. ಹದಿನೈದು ಸೆಕೆಂಡು. ಆಮೇಲೆ ಎಲ್ಲ ನಿಂತಿತು.

‘ಅಮ್ಮಾ, ಇಟ್ ಸ್ಟಾಪ್ಡ್,’ ಎಂದಿತು ಮಗು. ‘ವೈ ಆರ್ ಯು ಸ್ಟಿಲ್ ಶೇಕಿಂಗ್?’

ಟೀವಿ ಹಚ್ಚಿದಳು. ಮೊದಲು ಬರೀ ಮಾತು. ಆಮೇಲೆ ಮೇಲಿನಿಂದ ತೆಗೆದ ಚಿತ್ರ: ಓಕ್ಲ್ಯಾಂಡಿನ ಎರಡಂತಸ್ತಿನ ಫ್ರೀವೇ. ಮೇಲಿನ ರಸ್ತೆ ಮೈಲಿಯುದ್ದಕ್ಕೂ ಕೆಳಗಿನ ರಸ್ತೆಯ ಮೇಲೆ ಕುಸಿದು ಕೂತಿತ್ತು. ಹೇವರ್ಡಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಹೋಗುವ ವಾಹನಗಳು ಕೆಳಗಿನ ರಸ್ತೆಯಲ್ಲಿ ಹೋಗುತ್ತವೆ.

ಮ್ಯೂಸಿಯಮ್ಮಿಗೆ ಫೋನು ಹೋಗಲಿಲ್ಲ. ಹೇವರ್ಡಿಗೂ ಹೋಗಲಿಲ್ಲ. ಏಳು ಗಂಟೆ ಸುಮಾರಿಗೆ ಅವಳ ಫೋನೇ ಬಡಿದುಕೊಂಡಿತು. ಸೋಮಲಿಂಗಪ್ಪನ ಹೆಂಡತಿ ಈರವ್ವ.

‘ಅಕ್ಕಾರ, ನಮ್ಮನಿಯವ್ರು ನಾಕೂವರಿಗೆ ಹೇವರ್ಡಿಂದ ಫೋನ್ ಮಾಡಿದ್ರಿ, ಈಗ ಹೊಂಟೀವಿ ಅಂತ. ಇನ್ನ ಏನೂ ಸುದ್ದಿ ಇಲ್ರಿ. ಟೀವ್ಯಾಗ ಏನೇನೋ ತೋರಸಾಕತ್ತಾರ, ನನಗ ಇಂಗ್ಲಿಷ್ ತಿಳ್ಯಾಂಗಿಲ್ಲ.’

‘ದಾರೀಲಿ ಎಲ್ಲಾದರೂ ನಿಲ್ಲಿಸಿರ್ತಾರೆ ಈರವ್ವಾ.’

‘ಹೌದ್ರಿ, ನಾನೂ ಹಂಗ ಅನಕೊಂಡೆ.’ ಈರವ್ವನ ಉಸಿರು ಫೋನಿನಲ್ಲಿ ಕೇಳುತ್ತಿತ್ತು. ‘ಐತವಾರ ಬಂದು ಹೇಳಿದ್ರಿ, ಹೂವ ಎಡಕ್ಕ ಬಿದ್ದಂಗಿತ್ತು, ಆದ್ರ ಅಕ್ಕಾರು ಬಲಾ ಅಂದ್ರು, ಚಿಂತಿ ಇಲ್ಲ ಅಂತ. ಬಲಕ್ಕ ಬಿದ್ದಿತ್ತಲ್ರಿ? ನೀವ ಒಮ್ಮಿ ಹೇಳ್ರಿ. ನಿಮ್ಮ ಬಾಯಿಂದ ಕೇಳಿದ್ರ ಸಮಾಧಾನ.’

ವಸುಧಾ ತಲೆಯಾಡಿಸಿದಳು. ಫೋನಿನಲ್ಲಿ ತಲೆಯಾಡಿಸಿದರೆ ಯಾರಿಗೂ ಕಾಣುವುದಿಲ್ಲ. ಬಾಯಿಬಿಟ್ಟೇ ಹೇಳಬೇಕಾಯಿತು.

‘ಬಲಕ್ಕೇ ಬಿತ್ತು, ಈರವ್ವಾ.’

‘ಹಂಗಾದ್ರ ರೊಟ್ಟಿ ಬಡೀತೀನ್ರಿ,’ ಎಂದಳು ಈರವ್ವ. ‘ಬಂದ ಕೂಡ್ಲೆ ಹಸಿವು ಅಂತಾರ.’