ಹಿಮ ಸರಿದ ನೆಲದ ಮಾಚಿಪತ್ರೆ

ಹೊನ್ನಾವರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಸಂಪದಾ ಹೆಗಡೆ ಪ್ರಯೋಗಾಲಯದ ಬೀಗ ತೆಗೆದವಳೇ ಮೊದಲು ಕಿಟಕಿಗಳನ್ನೆಲ್ಲ ಮುಚ್ಚುತ್ತಿದ್ದಳು. ಆಮೇಲೆ ಫ್ಯಾನು ಆರಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಡಲ ಸೆಖೆಯಲ್ಲಿ ಬೆವರುತ್ತ ಯಕ್ಷಗಾನದ ಪದ ಗುನುಗುತ್ತ ಕೂರುತ್ತಿದ್ದಳು. ಗಾಳಿಯೆಂದರೆ ಅವಳಿಗೆ ಪರಾಗ, ಪರೀಕ್ಷೆಯ ಗಾಜಿನ ಮೇಲೆ ಕೂತು ಕೆಡಿಸುವಂಥದ್ದು. ‘ಈ ರೂಮಲ್ಲಿ ಅನ್ನ ಬೇಯಿಸ್ಲಕ್ಕು ಮೇಡಂ’ ಎಂದು ಅಟೆಂಡರ್ ಜಟ್ಟಿ ಬಾಗಿಲಾಚೆಯಿಂದಲೇ ಹೇಳುತ್ತಿದ್ದ.

೨೦೦೧ರಲ್ಲಿ ಅವಳ ಮೇಜಿನ ಮೇಲಿದ್ದದ್ದು ಹಿಮಾಲಯದ ಸರೋವರವೊಂದರ ತಳದ ಕೆಸರು. ಲಖನೌದ ಗೆಳತಿ ಕೊಟ್ಟದ್ದು. ಸಾವಿರಾರು ವರ್ಷಗಳ ಹಿಂದೆ ಹಿಮನದಿ ಹಿಂದೆ ಸರಿದಾಗ ಆ ಬೋಳು ನೆಲಕ್ಕೆ ಮೊದಲು ಬಂದ ಗಿಡ ಯಾವುದು? ಗಿಡ ಮಣ್ಣಾದರೂ ಪರಾಗದ ಕಣ ಕೆಸರಿನಲ್ಲಿ ಕೊಳೆಯದೆ ಉಳಿಯುತ್ತದೆ. ಅತಿ ಕೆಳಗಿನ ಪದರದ ಕೆಸರನ್ನು ಗಾಜಿನ ಪಟ್ಟಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವಳಿಗೆ ಕಂಡದ್ದು, ನಾವು ದೇವರಿಗೆ ಏರಿಸುವ ಮಾಚಿಪತ್ರೆಯ ಕುಲದ ಪರಾಗ. ಸಂತೋಷದಿಂದ ಲೇಖನ ಬರೆಯತೊಡಗಿದಳು.

ಆಗಲೇ ಅದೇ ಗಾಜಿನಲ್ಲಿ ಗೊಂಡೆಹೂವಿನ ಮುಳ್ಳುಮುಳ್ಳಾದ ಪರಾಗಕಣವೊಂದು ಕಾಣಿಸಿತು. ಅಮೆರಿಕದಿಂದ ನಿನ್ನೆಮೊನ್ನೆ ಎಂಬಂತೆ ಬಂದ ಹೂವು, ಅಷ್ಟು ಹಳೆಯ ಕೆಸರಿಗೆ ಬರುವಂತಿಲ್ಲ. ಜಟ್ಟಿಯನ್ನು ಕರೆದಳು.

‘ಆಯುಧಪೂಜೆ ದಿನ ನಾನೇ ಮಾಲೆ ಹಾಕಿದ್ದು, ಗೊಂಡೆ, ಮಾಚಿಪತ್ರೆ ಕಟ್ಟಿ. ಬಸ್ಸಿಗೆ ಹಾಕ್ತ್ರು, ನಿಮ್ಮ ಮಿಷನ್ ಎಂತ ಪಾಪ ಮಾಡಿತ್ತು?’

ಸಂಪದಾ ಬೈಯಲಿಲ್ಲ, ನಕ್ಕಳು. ಗೊಂಡೆ ಮಾಲೆಯದ್ದಾದರೆ ಕಂಡ ಮಾಚಿಪತ್ರೆಯೂ ಮಾಲೆಯದ್ದೇ ಇರಬಹುದು. ನಕ್ಕು, ಗಾಜುಗಳನ್ನೆಲ್ಲ ಬಿಸಾಡಿದಳು. ಆ ಪದರದ ಕೆಸರು ಇನ್ನು ಹೆಬ್ಬೆರಳಿನಷ್ಟೇ ಉಳಿದಿತ್ತು, ಮತ್ತೆ ಸಿಗುವಂಥದ್ದಲ್ಲ. ಅದರಲ್ಲಿ ಮಾಚಿಪತ್ರೆ ಸಿಗದಿದ್ದರೆ ಲೇಖನವೇ ಇಲ್ಲ.

‘ಇದ್ದಿದ್ದನ್ನ ಬರೆದು ಕಳಿಸು. ಯಾರಿಗೆ ಗೊತ್ತಾಗ್ತು?’ ಎಂದ ಸಹೋದ್ಯೋಗಿ ದಿನಕರ ಭಟ್ಟ.

‘ಎಂಗೆ ಗೊತ್ತಿದ್ದು ಮಾರಾಯ’ ಎಂದು ಸಂಪದಾ ತನ್ನತ್ತಲೇ ಬೆರಳು ತೋರಿಸಿಕೊಂಡಳು.

ಊರಿನ ಮಾಚಿಪತ್ರೆ ಹೂ ಬಿಡದ ಮೇ ತಿಂಗಳಲ್ಲಿ ಉಳಿದ ಕೆಸರನ್ನು ಕಾಯಿಸಿ ಸೋಸಿದಳು. ಪಕ್ಕದಲ್ಲಿ, ಕೆಸರೇ ಹಾಕದ ಇನ್ನೊಂದು ಕೊಳವೆಯನ್ನೂ ಹಾಗೆಯೇ ಕಾಯಿಸಿದಳು. ಅದರಲ್ಲೂ ಪರಾಗ ಕಂಡರೆ ಅದು ಕೋಣೆಯ ಧೂಳು. ಖಾಲಿ ಕೊಳವೆಯ ಗಾಜು ಖಾಲಿಯಾಗಿಯೇ ಇತ್ತು. ಕೆಸರಿನದ್ದನ್ನು ನೋಡಲು ಹೆಚ್ಚು ಹೊತ್ತು ಹಿಡಿಯಿತು.

‘ಎಂತ ಆತು ಮೇಡಂ?’

‘ಉಂಟು ಜಟ್ಟಿ. ಮೊದಲಿನಷ್ಟಿಲ್ಲ, ಆದರೆ ಕೆಸರಲ್ಲೇ ಉಂಟು.’

‘ಹಂಗಾರೆ ನಾ ಬಚಾವು.’

ಬೇರೆಯವರ ಸಂಶಯಕ್ಕೆ ಉತ್ತರ ಹೊಂದಿಸುವವರು ಬಹಳ. ಯಾರೂ ಪಡದ ಸಂಶಯವನ್ನು ತಾವೇ ಪಟ್ಟು, ಕೈಲಿದ್ದ ಕೊನೆಯ ಚಿಟಿಕೆಯನ್ನೂ ಅದಕ್ಕೇ ತೆತ್ತು, ಆಮೇಲೆ ಸುಖವಾಗಿ ಊಟಕ್ಕೇಳುವವರು ಬೇರೊಂದು ಜಾತಿಯವರು.

ಲೇಖನ ಮರುವರ್ಷ ಅಚ್ಚಾಯಿತು. ಬಿಸಾಡಿದ ಗಾಜುಗಳ ಸಂಗತಿ ಅದರ ಎರಡನೆಯ ಪುಟದಲ್ಲೇ ಇದೆ.