ಹಗಲಿನ ಧೂಮಕೇತು

ಲಿಫ್ಟ್ ರಿಪೇರಿ ಮಾಡುವವನಿಗೆ ನಲವತ್ತು ದಾಟಿತ್ತು. ನೆತ್ತಿಯ ಕೂದಲು ಹೋಗಿ ಬಿಸಿಲಿಗೆ ಮಿರಿಮಿರಿ ಹೊಳೆಯುತ್ತಿತ್ತು. ಆದರೂ ಅಕ್ಕನ ಬಾಯಲ್ಲಿ ಅವನು ಪುಟ್ಟನೇ. ಅದನ್ನು ಕೇಳಿ ಕೇಳಿ ಗೆಳೆಯರೂ ಪುಟ್ಟ ಎಂದೇ ಕರೆಯತೊಡಗಿದ್ದರು. ಅವಳನ್ನಂತೂ ಎಲ್ಲರೂ ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ಎಷ್ಟೋ ದೊಡ್ಡವರಾದ ಮೇಷ್ಟ್ರು ಕೂಡ.

ಆಕಾಶ ನೋಡುವ ಹುಚ್ಚು ಇದ್ದದ್ದು ವಿಜ್ಞಾನ ಪಾಠ ಮಾಡಿ ನಿವೃತ್ತರಾಗಿದ್ದ ಈ ಮೇಷ್ಟ್ರಿಗೆ, ಒಬ್ಬ ಹಲ್ಲಿನ ಡಾಕ್ಟರಿಗೆ ಮತ್ತು ಪುಟ್ಟನಿಗೆ. ವಾರಕ್ಕೊಮ್ಮೆ ಕತ್ತಲಾದ ಮೇಲೆ ಡಾಕ್ಟರ ಕ್ಲಿನಿಕ್ಕಿನ ತಾರಸಿಯಲ್ಲಿ ಸೇರುತ್ತಿದ್ದರು. ಡಾಕ್ಟರದು ದೊಡ್ಡ ದುರ್ಬೀನು, ಮೇಷ್ಟ್ರದು ದೊಡ್ಡ ಗಂಟಲು. ಕಬ್ಬಿಣದ ಸ್ಟ್ಯಾಂಡನ್ನು ಹೊತ್ತು ಮೆಟ್ಟಿಲು ಹತ್ತುವುದು ಪುಟ್ಟನ ಪಾಲು. ಅಕ್ಕ ಫ್ಲಾಸ್ಕಿನಲ್ಲಿ ಚಹಾ ತುಂಬಿ ಕಳಿಸುತ್ತಿದ್ದಳು. ತಾನು ಮಾತ್ರ ಒಂದು ದಿನವೂ ಹೋದವಳಲ್ಲ.

ಹೋಗಿ ಮಾಡುವುದಾದರೂ ಏನು? ಅವಳಿಗೆ ಇರುಳುಗುರುಡು. ಕತ್ತಲಾದರೆ ತನ್ನ ಮನೆಯ ಹೊಸಿಲನ್ನೇ ಎಡವುತ್ತಿದ್ದಳು. ಅದು ಅಪ್ಪನಿಂದ ಬಂದ ಬಳುವಳಿ. ಅಪ್ಪನ ಕಣ್ಣಿಂದ ಮೊದಲು ರಾತ್ರಿ ಹೋಯಿತು, ಆಮೇಲೆ ನಿಧಾನವಾಗಿ ಹಗಲೂ ಹೋಯಿತು. ತಾಯಿ ಇಲ್ಲದ ಆ ಮನೆಯಲ್ಲಿ ತಮ್ಮನಿಗೆ ಉಣ್ಣಿಸಿ, ತಲೆ ಬಾಚಿ, ಅಪ್ಪನ ಕೈಹಿಡಿದು ಬಚ್ಚಲಿಗೆ ಕರೆದೊಯ್ದವಳು ಅವಳೇ. ಸೆಕೆಗಾಲದಲ್ಲಿ ತಾರಸಿಯ ಮೇಲೆ ಚಾಪೆ ಹಾಸಿ ತಮ್ಮನಿಗೆ ನಕ್ಷತ್ರ ತೋರಿಸುತ್ತಿದ್ದವಳೂ ಅವಳೇ. ಯಾವುದಕ್ಕೂ ಸರಿಯಾದ ಹೆಸರು ಅವಳಿಗೆ ಗೊತ್ತಿರಲಿಲ್ಲ. ಮುರಿದ ಸೌಟು, ಕುಂಟುವ ಮಂಚ, ಜಗಳವಾಡಿದ ಓರಗಿತ್ತಿಯರು ಎಂದು ತಾನೇ ಹೆಸರಿಟ್ಟಿದ್ದಳು. ಒಂದು ವರ್ಷ ಓರಗಿತ್ತಿಯರು ಕಾಣಲಿಲ್ಲ. ಮುಂದಿನ ವರ್ಷ ಸೌಟೂ ಕಾಣಲಿಲ್ಲ. ಆಮೇಲೆ ಅವಳು ಚಾಪೆ ಹಾಸುವುದನ್ನೇ ಬಿಟ್ಟಳು. ಪುಟ್ಟನ ಕಣ್ಣನ್ನು ಪರೀಕ್ಷೆ ಮಾಡಿದ ಕಣ್ಣಿನ ಡಾಕ್ಟರು ಅವನಿಗೆ ಏನೂ ಇಲ್ಲ ಎಂದಾಗ ಆಸ್ಪತ್ರೆಯ ವರಾಂಡದಲ್ಲೇ ಅವನನ್ನು ತಬ್ಬಿಕೊಂಡು ಅತ್ತಿದ್ದಳು. ಸಂತೋಷಕ್ಕೆ ಅತ್ತಳೆಂದು ಅವನು ತಿಳಿದಿದ್ದ.

ಇಬ್ಬರೂ ಮದುವೆಯಾಗಲಿಲ್ಲ. ಅವಳು ತನ್ನ ರಕ್ತವನ್ನು ಇನ್ನೊಂದು ಜೀವಕ್ಕೆ ದಾಟಿಸಲು ಒಪ್ಪಲಿಲ್ಲ. ಅವನು ಅವಳೊಬ್ಬಳನ್ನೇ ಬಿಡಲು ಒಪ್ಪಲಿಲ್ಲ. ಅವಳು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಯಂತ್ರದಿಂದ ಬಂದ ಹಾಸುಗಳನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ ಎಲ್ಲಾದರೂ ಕಲೆ ಉಳಿದಿದೆಯೇ ಎಂದು ನೋಡುವುದು ಅವಳ ಕೆಲಸವಾಗಿತ್ತು. ಒಂದು ದಿನ ಅವಳನ್ನು ಅಲ್ಲಿಂದ ತೆಗೆದು ಮಡಚುವ ಮೇಜಿಗೆ ಹಾಕಿದರು. "ನಿಂತು ನಿಂತು ಸೊಂಟ ಹಿಡೀತಿತ್ತು, ನಾನೇ ಕೇಳ್ಕೊಂಡೆ," ಎಂದು ತಮ್ಮನಿಗೆ ಹೇಳಿದಳು. ಅವನು ನಂಬಿದ. ಸೊಂಟಕ್ಕೆ ಹಚ್ಚಲು ಮುಲಾಮು ತಂದುಕೊಟ್ಟ.

ಆ ವರ್ಷವೇ ಧೂಮಕೇತು ಬಂದದ್ದು. ಅದು ಸೂರ್ಯನ ತೀರ ಹತ್ತಿರ ಹಾದುಹೋಗುವುದಿತ್ತು. ಹಾಗೆ ಹೋಗುವಾಗ ಒಂದೆರಡು ದಿನ ಹಾಡುಹಗಲಲ್ಲೇ ಕಾಣುವಷ್ಟು ಉರಿಯಬಹುದು ಎಂಬ ಸುದ್ದಿ ಹಬ್ಬಿತು. ಪುಟ್ಟ ಊಟಕ್ಕೆ ಕೂತಾಗ ಅದನ್ನು ಹೇಳಿದ. ಅಕ್ಕ ಬಡಿಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು.

"ಹಗಲಲ್ಲೇ? ಬಿಸಿಲಲ್ಲೇ ಕಾಣುತ್ತಾ?"

"ಕಾಣಬಹುದು ಅಂತಾರೆ. ಸೂರ್ಯನ್ನ ಗೋಡೆ ಮರೆಗೆ ಮಾಡ್ಕೊಂಡು ಪಕ್ಕದಲ್ಲೇ ಹುಡುಕಬೇಕಂತೆ."

"ಹಾಗಾದ್ರೆ ನಾನೂ ಬರ್ತೀನಿ ಕಣೋ," ಎಂದಳು. ಪುಟ್ಟನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಇಷ್ಟು ವರ್ಷದಲ್ಲಿ ಅವಳು ತನಗಾಗಿ ಬಾಯಿಬಿಟ್ಟು ಏನನ್ನೂ ಕೇಳಿರಲಿಲ್ಲ.

ಜಾಗ ಹುಡುಕಿದವನು ಅವನೇ. ಅವನು ಲಿಫ್ಟ್ ನೋಡಿಕೊಳ್ಳುತ್ತಿದ್ದ ಎತ್ತರದ ಕಚೇರಿ ಕಟ್ಟಡವೊಂದರ ತುದಿಯಲ್ಲಿ ಮೋಟಾರು ಕೋಣೆ ಇತ್ತು. ಅದರ ಪೂರ್ವದ ಗೋಡೆಯ ನೆರಳಲ್ಲಿ ಮಧ್ಯಾಹ್ನ ಕಳೆದ ಮೇಲೆ ನಿಂತರೆ ಸೂರ್ಯ ಗೋಡೆಯ ಹಿಂದೆ ಇಳಿಯುತ್ತ ಹೋಗುತ್ತಾನೆ, ಹೊರಗೆ ಇಣುಕುವ ಭಯವಿಲ್ಲ. ಧೂಮಕೇತು ಸೂರ್ಯನಿಗಿಂತ ಕೊಂಚ ಮೇಲೆ, ಎರಡು ಬೆರಳಿನಷ್ಟು ದೂರದಲ್ಲಿ ಇರಬೇಕು. ಹಾಗಾಗಿ ಗೋಡೆಯ ಅಂಚಿಗಿಂತ ಸ್ವಲ್ಪ ಮೇಲೆ ಹುಡುಕಿದರಾಯಿತು.

ಮೇಷ್ಟ್ರು ಒಂದೇ ಒಂದು ಕಟ್ಟಳೆ ಹಾಕಿದರು. "ನೆರಳು ಬಿಟ್ಟು ಯಾರೂ ಆಚೆ ಕಾಲಿಡಕೂಡದು. ದುರ್ಬೀನಲ್ಲಿ ಸೂರ್ಯ ಬಿದ್ನೋ, ಕಣ್ಣು ಅಲ್ಲೇ ಸುಟ್ಟು ಹೋಗುತ್ತೆ. ಆಮೇಲೆ ಬಾಯಿ ಬಾಯಿ ಬಡ್ಕೊಂಡ್ರೂ ವಾಪಸ್ ಬರಲ್ಲ."

ಮೊದಲ ದಿನ ಅಕ್ಕ ಅರ್ಧ ದಿನ ರಜೆ ಹಾಕಿ, ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದ ಹಸಿರು ಸೀರೆ ಉಟ್ಟು ಬಂದಳು. ಡಾಕ್ಟರು ಅವಳಿಗೆಂದೇ ಕ್ಲಿನಿಕ್ಕಿನಿಂದ ಮಡಚುವ ಕುರ್ಚಿ ತಂದಿದ್ದರು. "ಜನರಿಗೆ ಬಾಯಿ ತೆರೀರಿ, ಬಾಯಿ ತೆರೀರಿ ಅಂತ ಹೇಳಿ ಹೇಳಿ ಸಾಕಾಯ್ತು ಅಕ್ಕಾ. ಇವತ್ತೊಂದು ದಿನ ಕಣ್ಣು ತೆರೀರಿ ಅನ್ನೋ ಭಾಗ್ಯ," ಎಂದರು. ಅಕ್ಕ ಮನಸಾರೆ ನಕ್ಕಳು. ಆದರೆ ಆಕಾಶದ ತುಂಬ ತೆಳುವಾದ ಬಿಳಿ ಪೊರೆ ಕವಿದಿತ್ತು. ಸಂಜೆಯವರೆಗೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರೂ ಯಾರಿಗೂ ಏನೂ ಸಿಗಲಿಲ್ಲ. ಅಕ್ಕನೊಬ್ಬಳ ಮುಖವೇ ಸಪ್ಪಗಾಗಲಿಲ್ಲ. "ನಾಳೆ ಇದೆಯಲ್ಲ," ಎಂದಳು.

ರಾತ್ರಿ ಗಾಳಿ ಬೀಸಿ ಮರುದಿನ ಆಕಾಶ ಒರೆಸಿಟ್ಟ ಹಾಗಿತ್ತು. ಗೋಡೆಯ ಅಂಚಿನ ಮೇಲಿನ ನೀಲಿ ಕಪ್ಪಿಗೆ ತಿರುಗಿದೆಯೇನೋ ಎನ್ನುವಷ್ಟು ಗಾಢವಾಗಿತ್ತು. ಡಾಕ್ಟರು ದುರ್ಬೀನನ್ನು ಸ್ಟ್ಯಾಂಡಿಗೆ ಬಿಗಿದು ಅಂಚಿನುದ್ದಕ್ಕೂ ನಿಧಾನವಾಗಿ ಸರಿಸುತ್ತ ಹೋದರು. ಸ್ವಲ್ಪ ಹೊತ್ತಿಗೆ ಅವರ ಕೈ ನಿಂತಿತು.

"ಸಿಕ್ತು," ಎಂದರು. ಅವರ ದನಿ ಪಿಸುಮಾತಿಗೆ ಇಳಿದಿತ್ತು. "ಅಯ್ಯೋ, ಸಿಕ್ತು ಕಣ್ರೀ."

ಮೇಷ್ಟ್ರು ನೋಡಿದರು. ಅಷ್ಟು ದೊಡ್ಡ ಗಂಟಲಿನ ಮನುಷ್ಯ ಒಂದು ಮಾತೂ ಆಡದೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಪುಟ್ಟ ನೋಡಿದ. ನೀಲಿಯ ನಡುವೆ ಬಿಳಿಯ ಚುಕ್ಕೆ, ಅದರಿಂದ ಮೇಲಕ್ಕೆ ಎದ್ದ ಸಣ್ಣ ಕುಂಚದಂಥ ಬಾಲ. ದುರ್ಬೀನು ಬಿಟ್ಟು ಬರಿಗಣ್ಣಲ್ಲಿ ನೋಡಿದರೆ, ಅಲ್ಲೇ ಇತ್ತು! ಗೋಡೆಯ ಮೂಲೆಯಲ್ಲಿದ್ದ ಆಂಟೆನಾದ ಬುಡಕ್ಕಿಂತ ಒಂದು ಗೇಣು ಬಲಕ್ಕೆ, ಉಪ್ಪಿನ ಹರಳಿನ ಹಾಗೆ.

"ಅಕ್ಕಾ, ಬಾ ಬಾ! ದುರ್ಬೀನೇ ಬೇಡ, ಹಾಗೇ ಕಾಣ್ತಿದೆ. ಆ ಆಂಟೆನಾ ನೋಡು. ಅದರ ಬುಡದಿಂದ ಸ್ವಲ್ಪ ಬಲಕ್ಕೆ."

ಅಕ್ಕ ಕುರ್ಚಿಯಿಂದ ಎದ್ದು ಬಂದು ಮುಖ ಎತ್ತಿದಳು. ತಲೆಯನ್ನು ಆಚೆ ಈಚೆ ಹೊರಳಿಸಿದಳು.

"ಯಾವ ಆಂಟೆನಾನೋ?"

ಆಂಟೆನಾ ಇದ್ದದ್ದು ಎದುರಿಗೇ. ಆಳೆತ್ತರದ್ದು, ಕೆಂಪು ಬಿಳಿ ಬಣ್ಣ ಬಳಿದದ್ದು. ಪುಟ್ಟ ಸದ್ದಿಲ್ಲದೆ ಅವಳ ಪಕ್ಕಕ್ಕೆ ಬಂದು ಅವಳ ಕಿವಿಯ ಹತ್ತಿರ ತನ್ನ ಕೈ ಒಡ್ಡಿದ. ಅವಳು ತಿರುಗಲಿಲ್ಲ. ಕೈಯನ್ನು ಕೆನ್ನೆಯ ನೇರಕ್ಕೆ ತಂದ. ಮೂಗಿನ ಸಮೀಪಕ್ಕೆ ಬಂದಾಗಷ್ಟೇ ಅವಳು ಬೆಚ್ಚಿ ಹಿಂದೆ ಸರಿದಳು.

"ಎಷ್ಟು ದಿನದಿಂದ, ಅಕ್ಕಾ?"

ಅವಳು ಸೆರಗನ್ನು ಸರಿಮಾಡಿಕೊಂಡಳು. "ದಿನ ಎಲ್ಲಿಂದ ಬಂತು, ವರ್ಷಗಳೇ ಆದ್ವು. ಸುತ್ತ ಎಲ್ಲಾ ಹೋಗಿದೆ ಕಣೋ. ನಡುವೆ ಒಂದು ತಟ್ಟೆಯಷ್ಟು ಉಳಿದಿತ್ತು, ಈಗ ಅದೂ ಲೋಟದ ಬಾಯಿಯಷ್ಟಾಗಿದೆ. ಕಲೆ ಉಳಿದ ಹಾಸುಗಳು ಹಾಗೇ ಆಸ್ಪತ್ರೆಗೆ ಹೋದ್ವು. ಅದಕ್ಕೇ ಮಡಚೋ ಕಡೆ ಹಾಕಿದ್ದು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಏನು ಮಾಡ್ತಿದ್ದೆ? ಆಕಾಶ ನೋಡೋದು ಬಿಡ್ತಿದ್ದೆ. ಅಷ್ಟೇ ತಾನೇ?"

ಮೇಷ್ಟ್ರೂ ಡಾಕ್ಟರೂ ಮುಖ ಬೇರೆಡೆ ತಿರುಗಿಸಿದರು. ಆಮೇಲೆ ಡಾಕ್ಟರು ಗಂಟಲು ಸರಿಮಾಡಿಕೊಂಡು, "ನಡುವೆ ಕಾಣುತ್ತಲ್ಲ ಅಕ್ಕಾ, ಹಾಗಾದ್ರೆ ದುರ್ಬೀನಲ್ಲಿ ಸಿಕ್ಕೇ ಸಿಗುತ್ತೆ, ಬನ್ನಿ," ಎಂದರು. ಧೂಮಕೇತುವನ್ನು ಸರಿಯಾಗಿ ನಡುವಿಗೆ ತಂದು ಅವಳ ಹಣೆಯನ್ನು ಮೆಲ್ಲಗೆ ಹಿಡಿದು ಕಣ್ಣನ್ನು ಗಾಜಿಗೆ ಕೂರಿಸಿದರು. ಹಲ್ಲು ನೋವಿನವರನ್ನು ಹಿಡಿದು ಹಿಡಿದು ಹದವಾದ ಕೈ ಅದು.

"ಕಂಡ್ತಾ?"

"ಬೆಳಕು ಕಾಣ್ತಿದೆ."

"ನಡುವೆ ಒಂದು ಚುಕ್ಕೆ?"

"ಇಲ್ಲ ಡಾಕ್ಟ್ರೇ. ಬರೀ ಬೆಳಕು. ಹಾಲು ಚೆಲ್ಲಿದ ಹಾಗೆ."

ಇನ್ನೊಂದು ಕಣ್ಣಿನಲ್ಲೂ ಅಷ್ಟೇ. ಉಳಿದಿದ್ದ ಆ ಲೋಟದ ಬಾಯಿಗೂ ಪೊರೆ ಬಂದಿತ್ತು. ಮತ್ತೆ ಮತ್ತೆ ಸರಿಮಾಡಿದರು, ಮತ್ತೆ ಮತ್ತೆ ನೋಡಿದಳು. ಅಷ್ಟರಲ್ಲಿ ಧೂಮಕೇತು ಸೂರ್ಯನ ಹಿಂದೆಯೇ ಜಾರುತ್ತ ಗೋಡೆಯ ಅಂಚಿಗೆ ಬಂತು. ಮೇಷ್ಟ್ರು ಮೃದುವಾಗಿ, "ಸಾಕು ಅಕ್ಕಾ. ಇನ್ನು ಈ ನೆರಳಿಂದ ಸಿಗಲ್ಲ," ಎಂದರು.

"ಆ ಕಡೆ ಹೋದ್ರೆ ಸಿಗುತ್ತಲ್ಲ?"

"ಆ ಕಡೆ ಸೂರ್ಯ ಇದ್ದಾನೆ ತಾಯೀ."

ಅವಳು ಎರಡೂ ಕೈಯಿಂದ ಸ್ಟ್ಯಾಂಡನ್ನು ಅಪ್ಪಿ ಎತ್ತಿಕೊಂಡು ಗೋಡೆಗೆ ಭುಜ ತಾಗಿಸುತ್ತ ಮೂಲೆ ದಾಟಿ ಬಿಸಿಲಿಗೆ ನಡೆದೇಬಿಟ್ಟಳು. ನೆನೆದ ಹಾಸುಗಳ ಗಂಟು ಹೊತ್ತು ಬಲಿತ ತೋಳುಗಳು ಅವು. ಅವಳು ಸ್ಟ್ಯಾಂಡನ್ನು ಊರಿ ದುರ್ಬೀನನ್ನು ಬೆಳಕಿನ ಕಡೆ ತಿರುಗಿಸಿ ಮುಖ ಬಗ್ಗಿಸುವಷ್ಟರಲ್ಲಿ ಪುಟ್ಟ ಓಡಿಹೋಗಿ ಅದರ ಮುಂದಿನ ಗಾಜಿನ ಮೇಲೆ ಎರಡೂ ಅಂಗೈ ಒತ್ತಿದ.

"ತೆಗಿ ಕೈ!"

"ಬೇಡ ಅಕ್ಕಾ, ಸುಟ್ಟು ಹೋಗುತ್ತೆ!"

"ಸುಟ್ಟರೆ ಸುಡಲಿ. ಹೇಗೂ ಹೋಗೋ ಕಣ್ಣು. ಒಂದ್ಸಲ ನೋಡಿ ಹೋಗಲಿ!"

"ಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ..."

"ನಿನಗೇನಪ್ಪಾ," ಎಂದಳು ಅವಳು. "ನಿನಗೆ ಕಂಡಾಯ್ತಲ್ಲ. ಯಾವಾಗಲೂ ನಿನಗೇ ಕಾಣೋದು. ಆವತ್ತು ಆಸ್ಪತ್ರೇಲಿ ಡಾಕ್ಟ್ರು ನಿನಗೆ ಏನೂ ಇಲ್ಲ ಅಂದ್ರಲ್ಲ, ಆವತ್ತು ನಾನು ಯಾಕೆ ಅತ್ತೆ ಅಂದ್ಕೊಂಡಿದ್ದೀಯ?"

ಆಡಿದ ಮೇಲೆ ಅವಳೇ ಬಾಯಿಗೆ ಕೈ ಅಡ್ಡ ಹಿಡಿದಳು. ಕೆಳಗಿನ ರಸ್ತೆಯಲ್ಲಿ ಬಸ್ಸೊಂದು ಹಾರನ್ ಹೊಡೆಯುತ್ತ ಹೋಯಿತು. ಪುಟ್ಟನ ಕೈ ಗಾಜಿನ ಮೇಲಿಂದ ಕದಲಲಿಲ್ಲ. ಕಣ್ಣಿಂದ ನೀರು ಇಳಿದು ಗಲ್ಲದ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. ಕಡೆಗೆ ಮೇಷ್ಟ್ರು ಬಂದು ಗಾಜಿಗೆ ಮುಚ್ಚಳ ಹಾಕಿ, ಅಕ್ಕನ ಭುಜ ಹಿಡಿದು ನೆರಳಿಗೆ ಕರೆತಂದರು.

ಲಿಫ್ಟಿನಲ್ಲಿ ಇಳಿಯುವಾಗ ಅಕ್ಕ, "ಹಾಗಲ್ಲ ಕಣೋ ಪುಟ್ಟ," ಎಂದು ಶುರುಮಾಡಿದಳು. ಅವನು, "ಗೊತ್ತು ಬಿಡು," ಎಂದ. ಅವನಿಗೆ ಏನೂ ಗೊತ್ತಿರಲಿಲ್ಲ.

ಮಾರನೆಯ ದಿನ ಮೋಡ ಕವಿಯಿತು. ಮೋಡ ಸರಿಯುವ ಹೊತ್ತಿಗೆ ಹಗಲಿನ ಧೂಮಕೇತು ಮುಗಿದಿತ್ತು. ಕಣ್ಣಿನ ಪೊರೆ ತೆಗೆಸಿದರೆ ಸ್ವಲ್ಪ ಸುಧಾರಿಸೀತೇನೋ ಎಂದು ಪುಟ್ಟ ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿಯ ಡಾಕ್ಟರಮ್ಮ ಬಹಳ ಹೊತ್ತು ಪರೀಕ್ಷಿಸಿ, ಪೊರೆ ತೆಗೆಯಬಹುದು, ಅದರ ಹಿಂದೆ ಉಳಿದಿರುವುದೇ ಕಡಿಮೆ, ಅದೂ ಹೆಚ್ಚು ಕಾಲ ಇರುವಂಥದ್ದಲ್ಲ ಎಂದರು. ಅಕ್ಕ, "ಹಾಗಾದ್ರೆ ಇರಲಿ ಬಿಡಿ," ಎಂದು ಎದ್ದು ನಿಂತಳು. ಲಾಂಡ್ರಿಯ ಕೆಲಸ ಬಿಟ್ಟಳು. ಮನೆಯಲ್ಲಿ ಇಬ್ಬರೂ ಮೊದಲಿಗಿಂತ ಹೆಚ್ಚು ಮೆದುವಾಗಿ ಮಾತಾಡಿಕೊಳ್ಳತೊಡಗಿದರು, ಬಂದ ನೆಂಟರೊಡನೆ ಆಡುವ ಹಾಗೆ. ಅದೇ ಪುಟ್ಟನಿಗೆ ಎಲ್ಲಕ್ಕಿಂತ ಕಷ್ಟವಾಗಿದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಸೂರ್ಯನನ್ನು ಸುತ್ತಿ ಆಚೆ ಬಂದ ಧೂಮಕೇತು ಈಗ ಮುಸ್ಸಂಜೆಯ ಆಕಾಶದಲ್ಲಿ ಕಾಣಿಸಿಕೊಂಡಿತು. ಅದರ ಬಾಲ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಚಾಚಿದಂತಿತ್ತು. ಊರಿಗೆ ಊರೇ ಬೀದಿಗೆ ಇಳಿಯಿತು. ಮೇಷ್ಟ್ರು ಕರೆಯಲು ಬಂದರೆ ಪುಟ್ಟ ತಲೆನೋವೆಂದ. ಕಿಟಕಿ ಮುಚ್ಚಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ ನಿಂತ.

"ಹೋಗಿ ನೋಡೋ," ಎಂದಳು ಅಕ್ಕ ಅಡುಗೆಮನೆಯ ಬಾಗಿಲಲ್ಲಿ.

"ಮೋಡ ಇದೆ."

"ಅಷ್ಟು ಜನ ಮೋಡ ನೋಡಿ ಕೂಗ್ತಿದ್ದಾರಾ?"

ಅವನು ನಲ್ಲಿ ನಿಲ್ಲಿಸಿದ. "ನಂಗೆ ಬೇಡ ಅಕ್ಕಾ. ಇನ್ನು ಮೇಲೆ ಅದೆಲ್ಲ ಬೇಡ."

"ನಾನು ಅಂದಿದ್ದಕ್ಕಾ?" ಅವಳು ಗೋಡೆ ಹಿಡಿದು ಒಳಗೆ ಬಂದಳು. "ಅಂದಿದ್ದು ಸುಳ್ಳು ಅಂತ ಹೇಳಲ್ಲ. ಆವತ್ತು ಹೊಟ್ಟೆ ಉರಿದಿತ್ತು. ಸಂತೋಷವೂ ಆಗಿತ್ತು. ಎರಡೂ ಇತ್ತು ಕಣೋ. ಈಗ ನೀನೂ ನೋಡದೇ ಕೂತ್ರೆ ನನ್ನ ಕಣ್ಣೇನು ವಾಪಸ್ ಬರುತ್ತಾ? ಚಪ್ಪಲಿ ಎಲ್ಲಿದೆ ಕೊಡು, ನಾನೂ ಬರ್ತೀನಿ."

ಇಬ್ಬರೂ ಬೀದಿಗೆ ಬಂದರು. ಅವಳ ಪಾಲಿಗೆ ಅಲ್ಲಿ ಕತ್ತಲು ಬಿಟ್ಟು ಬೇರೇನೂ ಇರಲಿಲ್ಲ. ಸುತ್ತಲಿನ ಸದ್ದು ಕೇಳಿ ಅಂದಾಜು ಮಾಡಿ ಎಲ್ಲರ ಹಾಗೆ ಮುಖ ಎತ್ತಿದಳು. ಎತ್ತಿದ್ದು ಬೇರೆ ದಿಕ್ಕಿಗೆ. ಪುಟ್ಟ ಅವಳ ಗಲ್ಲ ಹಿಡಿದು ಮೆಲ್ಲಗೆ ತಿರುಗಿಸಿದ.

"ಹೇಳು, ಹೇಗಿದೆ?" ಎಂದು ಕೇಳಿದಳು.

ಅವನು ಹೇಳಲು ಬಾಯಿ ತೆರೆದ. ಮಾತು ಹುಡುಕುತ್ತ ಮತ್ತೊಮ್ಮೆ ಬಾಲದ ಉದ್ದಕ್ಕೂ ಕಣ್ಣಾಡಿಸಿದ. ಪಕ್ಕದಲ್ಲಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದ ಹೆಂಗಸೊಬ್ಬಳು ಅಕ್ಕನ ಮಾತನ್ನು ಕೇಳಿಸಿಕೊಂಡು, "ಯಾಕಮ್ಮಾ, ಕನ್ನಡಕ ಮರೆತು ಬಂದ್ರಾ?" ಎಂದಳು.

"ಹೂಂ ಕಣಮ್ಮಾ, ಮರೆತೆ," ಎಂದಳು ಅಕ್ಕ. "ನೀನೇ ಸ್ವಲ್ಪ ಹೇಳು."

ಆ ಹೆಂಗಸು ಉತ್ಸಾಹದಿಂದ ಹೇಳತೊಡಗಿದಳು. ತಲೆ ಹೇಗೆ ಹೊಳೆಯುತ್ತಿದೆ, ಬಾಲ ಎಲ್ಲಿ ಅಗಲವಾಗಿದೆ, ಎಲ್ಲಿ ಚದುರಿಹೋಗಿದೆ ಎಂದು ತೋಚಿದ ಹಾಗೆಲ್ಲ ವರ್ಣಿಸಿದಳು. ಅಕ್ಕ ನಡುನಡುವೆ ಪ್ರಶ್ನೆ ಕೇಳುತ್ತ, ಹೌದಾ ಎನ್ನುತ್ತ, ಕಣ್ಣು ಮಿಟುಕಿಸದೆ ಕತ್ತಲನ್ನೇ ನೋಡುತ್ತ ನಿಂತಿದ್ದಳು. ಪುಟ್ಟ ಅವಳ ತೋಳು ಹಿಡಿದುಕೊಂಡು, ಜನ ಕರಗಿ ಬೀದಿ ಬರಿದಾಗುವವರೆಗೂ ಅಲ್ಲೇ ನಿಂತಿದ್ದ.