ನಡುಗೋಡೆಯ ಮೇಲಿನ ಮಣ್ಣು

೧೯೭೪ರ ಮೇ ತಿಂಗಳ ಕೊನೆಗೆ ತಾಂಬಾದ ಕಸ್ತೂರೆವ್ವನ ಅಡುಗೆಮನೆಯ ತೊಲೆ ಸೀಳಿತು. ಆ ತೊಲೆ ನಡುಗೋಡೆ ದಾಟಿ ಮೈದುನ ಶಂಕರೆಪ್ಪನ ಪಡಸಾಲೆಯವರೆಗೂ ಹೋಗಿತ್ತು. ಅವಳ ಗಂಡ ಸತ್ತ ವರ್ಷವೇ ಶಂಕರೆಪ್ಪ ಗೋಡೆ ಎಬ್ಬಿಸಿ ಮನೆ ಪಾಲು ಮಾಡಿದ್ದ. ತೊಲೆ, ಹಲಗೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ ಮಾತ್ರ ಎರಡೂ ಮನೆಗೆ ಒಂದೇ ಉಳಿದಿತ್ತು. ಹನ್ನೊಂದು ವರ್ಷದಿಂದ ಇಬ್ಬರಿಗೂ ಮಾತಿಲ್ಲ.

ಶಂಕರೆಪ್ಪ ಇಂಡಿಯಿಂದ ಗುತ್ತಿಗೆದಾರ ಮಲ್ಲಣ್ಣನನ್ನು ಕರೆತಂದ. ಆತ ಮಾಳಿಗೆ ಹತ್ತಲೇ ಇಲ್ಲ. ಅಂಗಳದಲ್ಲೇ ನಿಂತು ಕತ್ತೆತ್ತಿ ನೋಡಿ, "ಪೂರಾ ಕೆಡವ್ರಿ. ಎರಡೂ ಮನಿಗೆ ಕೂಡೇ ಸ್ಲ್ಯಾಬ್ ಹಾಕೂಣು," ಎಂದ.

ಕಸ್ತೂರೆವ್ವ ಹೊಸ್ತಿಲಿಗೆ ಬಂದಳು. "ಮಾಳಗಿ ಕೆಡವಾಂವ ಮೊದಲ ನನ್ನ ಕೆಡವಲಿ."

ಮಲ್ಲಣ್ಣ ಚೀಲ ಎತ್ತಿಕೊಂಡು ಹೋದ.

ಮರುದಿನ ಆಕೆ ಊರಲ್ಲಿ ಮನೆ ಕಟ್ಟುವ ಗೌಂಡಿ ಮಲಿಕಸಾಬನನ್ನು ಕರೆಸಿದಳು. ತೊಲೆಗೆ ಎರಡು ಕಂಬ ಕೊಟ್ಟು, ಮೇಲೆ ಇನ್ನಷ್ಟು ಮಣ್ಣು ಹಾಕಿದರೆ ಸಾಕು ಎಂದನಾತ. ಒಂದು ಕಂಬ ಶಂಕರೆಪ್ಪನ ಪಡಸಾಲೆಯಲ್ಲಿ ನಿಲ್ಲಬೇಕಿತ್ತು.

"ನನ್ನ ಮನ್ಯಾಗ ಆಕಿ ಕಂಬಾ? ನಿಲ್ಲಿಸಿ ನೋಡು, ಕಡದು ಒಲಿಗೆ ಹಾಕ್ತೇನಿ!" ಎಂದು ಶಂಕರೆಪ್ಪ ಕೂಗಿದ.

ಅಂದು ಸಂಜೆ ಮೋಡ ಕವಿಯಿತು. ಶಂಕರೆಪ್ಪನ ಹೆಂಡತಿ ಹೊನ್ನವ್ವ ಯಾರಿಗೂ ಹೇಳದೆ ಸಿಂದಗಿಯ ತವರಿಗೆ ಸುದ್ದಿ ಕಳಿಸಿ, ಅಲ್ಲಿಯ ಹಳೇ ಗೌಂಡಿ ದಸ್ತಗೀರಸಾಬನನ್ನು ಕರೆಸಿದಳು. ಮರುದಿನ ಬೆಳಿಗ್ಗೆ ಆತ ಬಂದಾಗ, ಮೈದುನ ಕರೆಸಿದವನೆಂದು ಕಸ್ತೂರೆವ್ವ, ಅತ್ತಿಗೆ ಕರೆಸಿದವನೆಂದು ಶಂಕರೆಪ್ಪ, ಇಬ್ಬರೂ ಅವನ ಬೆನ್ನಿಗೇ ಮಾಳಿಗೆ ಹತ್ತಿದರು.

ದಸ್ತಗೀರಸಾಬ ಗುದ್ದಲಿಯಿಂದ ಅಗೆದು ಕೈ ಇಳಿಸಿದ. ಮೊಣಕೈ ಮುಳುಗಿದರೂ ಹಲಗೆ ಸಿಗಲಿಲ್ಲ.

"ಇಷ್ಟು ಮಣ್ಣು ಯಾರು ಹೇರಿದ್ರಿ?"

ನೀರು ಅತ್ತಿಗೆಯ ಕಡೆ ಹರಿಯಲೆಂದು ಶಂಕರೆಪ್ಪ ವರ್ಷವೂ ಮಳೆಗೆ ಮುಂಚೆ ತನ್ನ ಭಾಗ ಎತ್ತರಿಸುತ್ತಿದ್ದ. ವಾರದೊಳಗೆ ಕಸ್ತೂರೆವ್ವ ಅವನಿಗಿಂತ ನಾಲ್ಕು ಬೆರಳು ಹೆಚ್ಚು ಹಾಕಿಸುತ್ತಿದ್ದಳು.

"ಮಾಳಗಿ ಛಲೋ ಐತಿ, ಮಣ್ಣಿನ ಭಾರಕ್ಕ ತೊಲಿ ಸೀಳೇತಿ. ಒಂದ ತೊಲಿ ಬದಲ ಮಾಡಿ, ಮಣ್ಣ ಇಳಸ್ರಿ. ಇಬ್ಬರೂ ಕೂಡೇ ಇಳಸ್ಬೇಕು. ಒಂದ ಕಡಿ ಬಿಟ್ರ ಗ್ವಾಡಿ ಸಮೇತ ಬೀಳ್ತೈತಿ."

"ಮೊದಲ ಆಕಿಗೆ ಇಳಸಾಕ ಹೇಳ್ರಿ," ಎಂದ ಶಂಕರೆಪ್ಪ.

"ಸುರು ಮಾಡಿದಾಂವ ಅಂವ. ಅಂವಗ ಹೇಳ್ರಿ."

ದಸ್ತಗೀರಸಾಬ ಗುದ್ದಲಿ ಒಗೆದ. "ಹಂಗಾದ್ರ ಇಬ್ಬರೂ ಇದರಾಗ ಹುಗದು ಹೋಗ್ರಿ. ನಾ ಬಸ್ಸಿಗೆ ಹೊಂಟೆ."

ಅವನು ಏಣಿಯ ಹತ್ತಿರ ಬರುವಷ್ಟರಲ್ಲಿ ಹೊನ್ನವ್ವ ಬುಟ್ಟಿ ಹಿಡಿದು ಹತ್ತಿ ಬಂದಳು. ಯಾರನ್ನೂ ನೋಡದೆ ಗುದ್ದಲಿ ಎತ್ತಿಕೊಂಡು, ತಮ್ಮ ಕಡೆಯ ಮಣ್ಣನ್ನು ಬುಟ್ಟಿಗೆ ತುಂಬಿ ಓಣಿಗೆ ಸುರಿದಳು.

"ಏನ್ ಮಾಡಾಕತ್ತೀ ನೀ?" ಗಂಡ ಗದರಿದ.

"ನನ್ನ ಮಕ್ಕಳು ಇದರ ಕೆಳಗ ಮಲಗ್ತಾವು. ಬ್ಯಾಡಾಗಿದ್ರ ನೀವು ಇಳೀರಿ."

ಕಸ್ತೂರೆವ್ವ ಸೆರಗು ಸಿಗಿಸಿ ತನ್ನ ಬುಟ್ಟಿ ತಂದಳು. ಹೊನ್ನವ್ವ ಒಂದು ಸುರಿದರೆ ಆಕೆಯೂ ಒಂದೇ ಸುರಿದಳು, ಹೆಚ್ಚಿಲ್ಲ. ಮಧ್ಯಾಹ್ನದ ಹೊತ್ತಿಗೆ ಶಂಕರೆಪ್ಪನೂ ಬೈಯುತ್ತಲೇ ಗುದ್ದಲಿ ಹಿಡಿದ.

ನಾಲ್ಕು ದಿನದಲ್ಲಿ ಮಣ್ಣು ಇಳಿಯಿತು. ದಸ್ತಗೀರಸಾಬ ಹೊಸ ತೊಲೆ ಕೂಡಿಸಿ, ದಾರ ಹಿಡಿದು ಎರಡೂ ಕಡೆ ಸಮ ಮಾಡಿ, ನೀರು ಓಣಿಗೆ ಹೋಗುವಂತೆ ತೂಬು ಇಟ್ಟು ಹೋದ. ಆ ಮಳೆಗಾಲದಲ್ಲಿ ಯಾರ ಮನೆಯೂ ಸೋರಲಿಲ್ಲ. ಅತ್ತಿಗೆ, ಮೈದುನ ಮಾತನ್ನೂ ಆಡಲಿಲ್ಲ.

ಒಂದು ದಿನ ಬಾವಿಕಟ್ಟೆಯಲ್ಲಿ ಕಸ್ತೂರೆವ್ವ ಹೊನ್ನವ್ವನಿಗೆ, "ನಿನ್ನ ಗಂಡಗ ಹೇಳು. ಮುಂದಿನ ವರ್ಷ ಅಂವ ಒಂದ ಬುಟ್ಟಿ ಏರಿಸಿದ್ರ ನಾ ಎರಡು ಏರಸ್ತೇನಿ," ಎಂದಳು.

ಹೊನ್ನವ್ವ ಕೊಡ ಎತ್ತಿಕೊಂಡಳು. "ಏರಸಾಕ ಅವರಿಗೂ ಬಿಡಂಗಿಲ್ಲ, ನಿನಗೂ ಬಿಡಂಗಿಲ್ಲ, ಯಕ್ಕಾ."